ಮಾಸ್ತರರ ಬಾಗಿಲಿಗೆ ಬಿದ್ದ ಮಣ್ಣು

ನೀಲಕ್ಕ, ಬಸಲಿಂಗಪ್ಪ ಮಾಸ್ತರರು ನಿಮ್ಮನ್ನು ಆ ಮನೆಯಿಂದ ಹೊರಗೆ ಹಾಕಿಸಲಿಲ್ಲ. ನಾನು ಹಾಕಿದೆ. ಅವರು ಹೇಳಿರಲಿಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ಕುದಿಯುತ್ತಿದ್ದ ಬ್ಯಾಳಿಯ ಡಬರಿಯನ್ನು ಒದ್ದದ್ದು ನನ್ನ ಕಾಲು ಎಂಬುದು ನಿಮಗೆ ಗೊತ್ತು — ನಿಮ್ಮ ಮೈಮೇಲೆ ಅದರ ಕಲೆ ಇದೆ. ಆದರೆ ಆ ಕಾಲನ್ನು ಎತ್ತಿಸಿದವರು ಮನೆಯ ಮಾಲಕರು ಎಂದು ಇಷ್ಟು ವರ್ಷ ನಂಬಿದ್ದೀರಿ. ಹಾಗೆ ನಂಬುವಂತೆ ಮಾಡಿದವನೂ ನಾನೇ.

ನಿಮಗೆ ಓದಲು ಬರುವುದಿಲ್ಲ, ಗೊತ್ತು. ಸಹಿ ಮಾತ್ರ ಬರುತ್ತಿತ್ತು. ಆ ಸಹಿಯನ್ನು ಹಿಡಿದೇ ನಿಮ್ಮ ಬದುಕು ಮುರಿದೆ. ಇದನ್ನು ಬೇರೆ ಯಾರಾದರೂ ನಿಮಗೆ ಓದಿ ಹೇಳಬೇಕು. ಓದುವವರಿಗೂ ನಾನು ಎಂಥವನೆಂದು ತಿಳಿಯಬೇಕು. ಅದಕ್ಕೆ ನಿಮಗೆ ಗೊತ್ತಿದ್ದದ್ದನ್ನೂ ಸೇರಿಸಿ ಮೊದಲಿಂದ ಬರೆಯುತ್ತೇನೆ. ಟೈಪ್ ಮಾಡಿಲ್ಲ. ಟೈಪ್ ಮಾಡಿದ ಕಾಗದದಲ್ಲಿ ನಾನು ಬರೆದ ಸುಳ್ಳುಗಳಿಗೆ ಲೆಕ್ಕವಿಲ್ಲ, ಇದಾದರೂ ಕೈಬರಹದಲ್ಲಿ ಇರಲಿ.

ನಾನು ಭೀಮರಾಯ. ಇಂಡಿ ಕಡೆಯವನು. ಸಿಂದಗಿಯಲ್ಲಿ ಬಸ್ ನಿಲ್ದಾಣದ ಎದುರಿನ ಬೇವಿನ ಗಿಡದ ಕೆಳಗೆ ಟೈಪಿಂಗ್ ಮಶೀನು ಇಟ್ಟುಕೊಂಡು ಕೂರುತ್ತಿದ್ದೆ. ಅರ್ಜಿ, ಅಫಿಡವಿಟ್ಟು ಎಲ್ಲ ಹೆಸರಿಗೆ. ಹೊಟ್ಟೆ ತುಂಬುತ್ತಿದ್ದದ್ದು ಮನೆ ದಲಾಲಿಯಿಂದ. ಊರಿಗೆ ಹೊಸದಾಗಿ ಬಂದ ನೌಕರರು, ಅಂಗಡಿಯವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಾಡಿಗೆ ಕರಾರು ಅಂದರೆ ಹನ್ನೊಂದು ತಿಂಗಳದ್ದು — ಹನ್ನೆರಡಾದರೆ ನೋಂದಣಿಯ ತಾಪತ್ರಯ. ಹನ್ನೊಂದು ತಿಂಗಳು ಮುಗಿದ ಕೂಡಲೇ ಅದೇ ಮನೆ, ಅದೇ ಮಾಲಕ, ಅದೇ ಬಾಡಿಗೆದಾರ, ಆದರೆ ಹೊಸ ಕಾಗದ. ಹೊಸ ಕಾಗದಕ್ಕೆ ಮತ್ತೆ ನನ್ನ ದಲಾಲಿ. ನಾನು ಏನೂ ಹುಡುಕಿರುವುದಿಲ್ಲ, ಅವರು ಕೂತ ಜಾಗದಿಂದ ಎದ್ದಿರುವುದಿಲ್ಲ. ಹಳೆಯ ಕಾಗದ ನೋಡಿ ತಾರೀಖು ಬದಲಿಸಿ ಬಡಿಯುತ್ತಿದ್ದೆ, ಅಷ್ಟೇ. ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ.

ಇನ್ನೊಂದು ರೂಢಿ ಇತ್ತು. ಮನೆ ಹೊಕ್ಕುವ ದಿನವೇ ಬಾಡಿಗೆದಾರರಿಂದ ಎರಡು ಸಹಿ ತೆಗೆದುಕೊಳ್ಳುತ್ತಿದ್ದೆ. ಒಂದು ಕರಾರಿನ ಮೇಲೆ. ಇನ್ನೊಂದು ಅರ್ಧ ಹಾಳೆಯ ಚೀಟಿಯ ಮೇಲೆ — ‘ಸದರಿ ಮನೆಯನ್ನು ನನ್ನ ಸ್ವಂತ ಇಚ್ಛೆಯಿಂದ ಖಾಲಿ ಮಾಡಿ ಕೀಲಿಕೈ ಒಪ್ಪಿಸಿರುತ್ತೇನೆ, ಯಾವುದೇ ತಂಟೆ ತಕರಾರು ಇರುವುದಿಲ್ಲ.’ ತಾರೀಖಿನ ಜಾಗ ಖಾಲಿ. ಅದಕ್ಕೆ ಬಿಟ್ಟ ಚೀಟಿ ಎನ್ನುತ್ತಿದ್ದೆವು. ಮನೆಯೊಳಗೆ ಕಾಲಿಡುವ ಮೊದಲೇ ಮನೆ ಬಿಟ್ಟೆನೆಂದು ಬರೆದುಕೊಡುವುದು! ಆದರೂ ಎಲ್ಲರೂ ಬರೆದುಕೊಡುತ್ತಿದ್ದರು. ಮನೆ ಸಿಕ್ಕ ಖುಷಿಯಲ್ಲಿ ಯಾರು ಓದುತ್ತಾರೆ? ಆ ಚೀಟಿಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಅವುಗಳಲ್ಲಿ ಒಂದಕ್ಕೂ ತಾರೀಖು ಹಾಕಿರಲಿಲ್ಲ, ನಿಮ್ಮ ಚೀಟಿಯವರೆಗೆ.

ನೀವು ನಾಲತವಾಡದಿಂದ ಬಂದಿರಿ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ತಮ್ಮನ ಸಂಸಾರದ ಮೇಲೆ ಭಾರವಾಗಲು ಮನಸ್ಸಿರಲಿಲ್ಲ. ಎರಡು ಡಬರಿ, ಒಂದು ಹಂಚು, ಹಿಟ್ಟು ನಾದುವ ಒಂದು ಕೊಣಮಿಗೆ — ಇಷ್ಟು ಹಿಡಿದುಕೊಂಡು ಬಸ್ಸಿನಿಂದ ಇಳಿದು ನೆಟ್ಟಗೆ ನನ್ನ ಗಿಡದ ಕೆಳಗೆ ಬಂದು, ಖಾನಾವಳಿ ಹಾಕಬೇಕು, ಒಂದು ಮನೆ ತೋರಿಸು ಎಂದಿರಿ. ಬಸಲಿಂಗಪ್ಪ ಮಾಸ್ತರರ ಮನೆ ಖಾಲಿ ಇತ್ತು. ಅವರು ಸಿಂದಗಿಯಲ್ಲಿ ಸಾಲಿ ಮಾಸ್ತರರಾಗಿದ್ದು ರಿಟೈರ್ ಆಗಿ ಬಸವನ ಬಾಗೇವಾಡಿಗೆ, ತಮ್ಮ ಊರಿಗೆ ಹೋಗಿದ್ದರು. ಕಣ್ಣು ಮಂಜು. ಪದೇ ಪದೇ ಬಸ್ಸು ಹತ್ತಿ ಬರಲಾರರು. ಬಾಡಿಗೆ ನನ್ನ ಕೈಯಿಂದಲೇ ಹೋಗಬೇಕು, ಮಾತೂ ನನ್ನ ಬಾಯಿಂದಲೇ ಹೋಗಬೇಕು ಎಂದು ಮೊದಲ ದಿನವೇ ಆಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇಲ್ಲಿಂದಲೇ ಹುಟ್ಟಿದ್ದು.

ಕಾಗದಕ್ಕೆ ಸಹಿ ಹಾಕಿದ ದಿನ ಮಾಸ್ತರರೂ ಅವರ ಹೆಂಡತಿ ಗೌರಮ್ಮನವರೂ ಬಂದಿದ್ದರು. ಗೌರಮ್ಮ ನಿಮಗೆ ಕುಬಸ ಹೊಲಿಸಿಕೊಳ್ಳಲು ಕಣದ ಬಟ್ಟೆ ಕೊಟ್ಟು, ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವವಳು ನಮ್ಮ ಮಗಳೇ ಎಂದರು. ನೀವು ಕಣ್ಣು ಒರೆಸಿಕೊಂಡಿರಿ. ಬಿಟ್ಟ ಚೀಟಿಯನ್ನು ಮುಂದೆ ಹಿಡಿದಾಗ ಇದು ಯಾತರದ್ದು ಎಂದು ಕೇಳಿದಿರಿ. ರೂಢಿ, ಎಲ್ಲರೂ ಮಾಡುತ್ತಾರೆ ಎಂದೆ. ನೀವು ನಾಲಿಗೆ ಕಚ್ಚಿಕೊಂಡು ‘ನೀಲವ್ವ’ ಎಂದು ಮೂರು ಅಕ್ಷರ ಬರೆದು, ನೆಟ್ಟಗೆ ಬಂದಿವೆಯೇ ನೋಡು ಎಂದು ನನಗೇ ತೋರಿಸಿದಿರಿ. ನೆಟ್ಟಗೇ ಬಂದಿದ್ದವು.

ನಾನು ಅಲ್ಲಿಯೇ ಉಣ್ಣಲು ಹತ್ತಿದೆ. ನಾಲ್ಕು ಕರಾರು ಮುಗಿಯುವವರೆಗೆ, ದಿನವೂ. ನನಗೆ ಬಿಸಿ ರೊಟ್ಟಿಯೇ ಬೇಕೆಂದು ಗೊತ್ತಿದ್ದು, ಎಷ್ಟೇ ಗದ್ದಲವಿದ್ದರೂ ಹಂಚಿನಿಂದ ನೇರ ನನ್ನ ತಾಟಿಗೆ ಹಾಕುತ್ತಿದ್ದಿರಿ. ನನಗೆ ಜ್ವರ ಬಂದಾಗ ನುಚ್ಚು-ಮಜ್ಜಿಗೆ ರೂಮಿಗೇ ಕಳಿಸಿದಿರಿ. ಉಂಡ ಮನೆಯ ಜಂತಿ ಎಣಿಸುವವನು ಎನ್ನುತ್ತಾರಲ್ಲ — ನಾನು ಜಂತಿ ಎಣಿಸಲಿಲ್ಲ ನೀಲಕ್ಕ, ಕಿತ್ತು ಹಾಕಿದೆ.

ನಾಲ್ಕನೆಯ ಕರಾರು ಮುಗಿಯುವ ವಾರ. ಕೋರ್ಟಿನ ಬೇಲೀಫ ಇಮಾಮಸಾಬರು, ನೋಟೀಸು ಜಾರಿ ಮಾಡುವವರು, ನಿಮ್ಮಲ್ಲಿಯೇ ಊಟ ಮಾಡುತ್ತಿದ್ದರು. ಮೆತ್ತನೆಯ ಮನುಷ್ಯ. ಅವರೇ ನಿಮಗೆ ತಿಳಿಸಿ ಹೇಳಿದ್ದರಂತೆ — ದಲಾಲಿ ಅಂದರೆ ಮನೆ ಹುಡುಕಿಕೊಟ್ಟದ್ದಕ್ಕೆ, ಒಮ್ಮೆ. ಕೂತಲ್ಲೇ ಕೂತವರು ವರ್ಷವರ್ಷ ಕೊಡಬೇಕೆಂದು ಯಾವ ಕಾಯ್ದೆಯಲ್ಲೂ ಇಲ್ಲ. ಅವರು ಹೀಗೆ ಹೇಳಿಕೊಟ್ಟದ್ದು ನನಗೆ ಆಗ ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಅಂಗಿಯ ಕಿಸೆಯಲ್ಲಿ ಹೊಸ ಕರಾರು ಇಟ್ಟುಕೊಂಡು ಊಟಕ್ಕೆ ಬಂದಿದ್ದೆ. ಮಾಸ್ತರರು ಆಗಲೇ ಸಹಿ ಮಾಡಿ ಬಸ್ ಡ್ರೈವರನ ಕೈಯಲ್ಲಿ ಕಳಿಸಿದ್ದರು. ಜೊತೆಗೆ ಒಂದು ತುಂಡು ಕಾಗದದಲ್ಲಿ ಬರೆದಿದ್ದರು — ನೀಲವ್ವ ಎಷ್ಟು ದಿನ ಇರುತ್ತಾಳೋ ಇರಲಿ, ಬಾಡಿಗೆ ಏರಿಸುವುದು ಬೇಡ. ನಿಮ್ಮ ಸಹಿ ಮತ್ತು ನನ್ನ ದಲಾಲಿ, ಎರಡೇ ಬಾಕಿ ಇದ್ದವು.

ಊಟ ಮಾಡುತ್ತಲೇ ದಲಾಲಿಯ ಮಾತು ತೆಗೆದೆ. ನೀವು ಹಂಚಿನಿಂದ ರೊಟ್ಟಿ ಹಾಕುತ್ತಾ, ಸಿಟ್ಟಿಲ್ಲದೆ, ನಗುತ್ತಲೇ ಅಂದಿರಿ:

“ತಮ್ಮಾ ಭೀಮರಾಯ, ಮನಿ ತೋರಿಸಿದ್ದಕ್ಕ ಒಮ್ಮೆ ಕೊಟ್ಟೇನಿ, ಆಮ್ಯಾಲೆ ಮೂರು ಸಲ ಸುಮ್ಮನ ಕೊಟ್ಟೇನಿ. ಕುಂತಲ್ಲೆ ಕುಂತೇನಿ, ಎದ್ದಿಲ್ಲ. ಮತ್ತ ಯಾತರದ್ದು ಕೇಳ್ತಿ?”

ಹದಿನೈದು ಮಂದಿ ಪಂಕ್ತಿಯಲ್ಲಿ ಕೂತಿದ್ದರು. ನಕ್ಕರು. ಒಬ್ಬ, ಖರೇ ಐತಲ್ಲೋ, ನಾನೂ ಸುಮ್ಮನೆ ಕೊಟ್ಟುಕೋತ ಹೊಂಟೇನಿ ಎಂದ. ಇನ್ನೊಬ್ಬ ಏನೋ ಅಂದ. ನಾನು ತಾಟಿನಲ್ಲೇ ಕೈ ತೊಳೆದು ಎದ್ದೆ. ಆ ನಗುವಿನಲ್ಲಿ ಅರ್ಧ ಊರು ನನ್ನ ಕೈ ಬಿಟ್ಟು ಹೋಗುತ್ತದೆಂದು ಗೊತ್ತಾಯಿತು. ಹಾಗೇ ಆಯಿತು. ಎರಡೇ ದಿನದಲ್ಲಿ ಮೂರು ಮನೆಯವರು, ಖಾನಾವಳಿ ಅಕ್ಕ ಕೊಡುವುದಿಲ್ಲವಂತೆ, ನಾವ್ಯಾಕೆ ಕೊಡಬೇಕು ಎಂದರು.

ಇಲ್ಲ, ನಿಂತು ಖರೆ ಹೇಳುತ್ತೇನೆ. ಹೊಟ್ಟೆಪಾಡಿನ ಅಂಜಿಕೆ ಅಲ್ಲ ಅದು. ಹೊಟ್ಟೆಗೆ ನನಗೆ ಸಾಕಷ್ಟಿತ್ತು. ರೊಟ್ಟಿ ಬಡಿಯುವ ಹೆಣ್ಣುಮಗಳು, ಓದು ಬಾರದವಳು, ಅಷ್ಟು ಮಂದಿಯ ಮುಂದೆ ನನಗೆ ಯಾತರದ್ದು ಎಂದು ಕೇಳಿದಳಲ್ಲ ಎಂಬ ಉರಿ. ಜವಾಬು ಇದ್ದಿದ್ದರೆ ಬಾಯಿಂದ ಹೇಳುತ್ತಿದ್ದೆ, ಇರಲಿಲ್ಲವೆಂದೇ ಕೈ ಎತ್ತಿದೆ.

ಮೊದಲು ಎರಡು ಸುಳ್ಳು ಹೇಳಿದೆ. ನಿಮಗೆ — ಮಾಸ್ತರರಿಗೆ ಮನೆ ಬೇಕಂತೆ, ಕರಾರು ಮುಗಿಯಿತು, ವಾರದಲ್ಲಿ ಖಾಲಿ ಮಾಡಬೇಕಂತೆ ಎಂದು. ಮಾಸ್ತರರಿಗೆ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿ — ನೀಲಕ್ಕ ಊರಿಗೆ ಹೋಗುತ್ತಾಳಂತೆ, ತಾನಾಗಿಯೇ ಮನೆ ಬಿಡುತ್ತಾಳಂತೆ ಎಂದು. ಅವರು, ನನಗೊಂದು ಮಾತು ಹೇಳಿ ಹೋಗಬಾರದಿತ್ತೇನು ಆಕಿ ಎಂದಷ್ಟೇ ಕೇಳಿದರು. ಮನೆಯನ್ನು ಒಬ್ಬ ಬೀಜ-ಗೊಬ್ಬರದ ಅಂಗಡಿಯವನಿಗೆ ಕೊಡುತ್ತೇನೆಂದು ಅದೇ ದಿನ ಮಾತು ಕೊಟ್ಟೆ. ಮಾಸ್ತರರು ಸಹಿ ಮಾಡಿದ ಕರಾರು ನನ್ನ ಕಿಸೆಯಿಂದ ತಗಡಿನ ಡಬ್ಬಿಗೆ ಹೋಯಿತು.

ನೀವು ಅಳುತ್ತೀರಿ, ಕೈಮುಗಿಯುತ್ತೀರಿ, ದಲಾಲಿ ತಂದು ಮುಂದಿಡುತ್ತೀರಿ ಎಂದುಕೊಂಡಿದ್ದೆ. ನೀವು ಅಳಲಿಲ್ಲ. ಇಮಾಮಸಾಬರನ್ನು ಕರೆಸಿ ನನ್ನೆದುರೇ ಕೇಳಿದಿರಿ. ಅವರು ಅಂದ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ:

“ಕರಾರು ಮುಗೀತಂದ್ರ ಮನಿ ಮುಗೀತಂತಲ್ಲ. ಕೋರ್ಟಿನ ಹುಕುಂ ಇರಲಿಲ್ಲಂದ್ರ ಬೇಲೀಫ ಆದ ನಾನೂ ಒಂದು ತಾಟು ಹೊರಗ ಇಡಂಗಿಲ್ಲ. ಇಂವ ಯಾರು?”

ನೀವು ಅದಕ್ಕೆ ತಲೆ ಆಡಿಸಿ, ಕಾಯ್ದೆ ಇರಲಿ, ಅದಕ್ಕಿಂತ ಮೊದಲು ಸೋಮವಾರ ಬಾಗೇವಾಡಿಗೆ ಹೋಗಿ ಮಾಸ್ತರರನ್ನೇ ಕೇಳುತ್ತೇನೆ, ಅವರ ಬಾಯಿಂದ ಬರಲಿ, ಆ ಗಳಿಗೆಯೇ ಬಿಡುತ್ತೇನೆ ಎಂದಿರಿ. ನೀವು ಸೋಮವಾರ ಬಾಗೇವಾಡಿಯ ಬಸ್ಸು ಹತ್ತಿದರೆ ನನ್ನ ಎರಡೂ ಸುಳ್ಳು ಒಂದೇ ಹೊಸ್ತಿಲ ಮೇಲೆ ಎದುರುಬದುರಾಗುತ್ತಿದ್ದವು. ಅವತ್ತು ಶುಕ್ರವಾರ.

ಶನಿವಾರ ಮುಂಜಾನೆ ಹತ್ತರ ಸುಮಾರಿಗೆ ಪೇಟೆಯಿಂದ ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೊಂಡೆ. ಮಾಲಕನ ಮನೆ ನುಂಗಿ ಕೂತವಳೆಂದು ಅವರಿಗೆ ಹೇಳಿದ್ದೆ. ಕೈಯಲ್ಲಿ ಕಬ್ಬಿಣದ ಹಾರಿ. ಕಿಸೆಯಲ್ಲಿ ಬಿಟ್ಟ ಚೀಟಿ — ಅದರ ಖಾಲಿ ಜಾಗದಲ್ಲಿ ಗಿಡದ ಕೆಳಗೆ ಕೂತು ಹಿಂದಿನ ದಿನದ ತಾರೀಖು ಬರೆದಿದ್ದೆ. ಮಸಿ ಆರಲೆಂದು ಊದಿ, ಮಡಚಿ ಇಟ್ಟುಕೊಂಡಿದ್ದೆ.

ನೀವು ಬಾಗಿಲ ಅಗಳಿ ಹಾಕಿಕೊಂಡಿರಿ. ಹಾರಿಯಿಂದ ಮೀಟಿದೆ, ಚೌಕಟ್ಟು ಸೀಳಿ ಅಗಳಿ ಹಾರಿಹೋಯಿತು. ಮೊದಲು ತಾಟುಗಳನ್ನು ಬೀದಿಗೆ ಎಸೆದೆವು. ಆಮೇಲೆ ಜೋಳದ ಚೀಲ ಸೀಳಿದೆವು. ಕೊಣಮಿಗೆಯನ್ನು ಒಬ್ಬ ಕಲ್ಲಿಗೆ ಬಡಿದು ಎರಡು ಮಾಡಿದ. ಮಂದಿ ಕೂಡಿತು. ಇಮಾಮಸಾಬರು ಓಡಿ ಬಂದು ಹುಕುಂ ಎಲ್ಲಿದೆ ತೋರಿಸು ಎಂದು ನನ್ನ ತೋಳು ಹಿಡಿದರು. ಬಿಟ್ಟ ಚೀಟಿ ಅವರ ಮುಖಕ್ಕೆ ಹಿಡಿದೆ. ಅವರು ಓದಿದರು. ನಿಮ್ಮ ಸಹಿಯನ್ನು ನೋಡಿದರು, ನಿಮ್ಮನ್ನು ನೋಡಿದರು. ಅವರ ಕೈ ಸಡಿಲಾಯಿತು. ಸಡಿಲಾದದ್ದೇ ತಡ, ನೆಲದ ಮೇಲಿದ್ದ ರೊಟ್ಟಿ ಹಂಚು ಎತ್ತಿ ಅವರ ತಲೆಗೆ ಹೊಡೆದೆ. ಟೊಪ್ಪಿಗೆ ಬಿತ್ತು, ಕಿವಿಯ ಮೇಲಿಂದ ರಕ್ತ ಇಳಿಯಿತು, ಬೀದಿಯಲ್ಲಿ ಕುಸಿದು ಕೂತರು. ಹೊಡೆಯುವ ಅಗತ್ಯ ಏನೂ ಇರಲಿಲ್ಲ. ಹೊಡೆದೆ.

ನೀವು ಅಡಿಗೆ ಮನೆಯ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದಿರಿ. ಹಿಂದೆ ಒಲೆಯ ಮೇಲೆ ಮಧ್ಯಾಹ್ನದ ಬ್ಯಾಳಿ ಕುದಿಯುತ್ತಿತ್ತು. ಒಲೆ ಒಂದನ್ನು ಮುಟ್ಟಬ್ಯಾಡ ತಮ್ಮಾ ಎಂದಿರಿ. ತಮ್ಮಾ ಎಂದಿರಿ, ಆಗಲೂ. ನಾನು ನಿಮ್ಮ ತುರುಬು ಹಿಡಿದು ಎಳೆದೆ. ನೀವು ನನ್ನ ಮುಂಗೈ ಕಚ್ಚಿದಿರಿ. ಗೋಡೆಗೆ ನೂಕಿದೆ, ಜಾರಿ ಒಲೆಯ ಪಕ್ಕದಲ್ಲಿ ಬಿದ್ದಿರಿ. ಏಳಲು ಕೈ ಊರಿದ್ದಿರಿ. ಆಗ ಡಬರಿಗೆ ಒದ್ದೆ. ನೀವು ಅಲ್ಲಿ ಬಿದ್ದದ್ದು ಕಾಣುತ್ತಿತ್ತು. ಕಂಡೇ ಒದ್ದೆ.

ಆ ಕೂಗು — ಅದನ್ನು ಬರೆಯಲು ನನಗೆ ಬರುವುದಿಲ್ಲ. ಬಲಗಾಲು ತೊಡೆಯಿಂದ ಪಾದದವರೆಗೆ, ಎಡಗೈ ಮೊಣಕೈವರೆಗೆ. ಸೀರೆ ಚರ್ಮಕ್ಕೆ ಅಂಟಿತ್ತು. ಹೊರಗಿನ ಮಂದಿ ಒಳಗೆ ನುಗ್ಗಿ, ಏನಾಯಿತು, ಏನಾಯಿತು ಎಂದು ಕೇಳುವಾಗ ನನ್ನ ಬಾಯಿಂದ ಯಾರೂ ಹೇಳಿಕೊಡದೆ ಮಾತು ಬಂತು:

“ತಾನ ಸುರಕೊಂಡಾಳ.”

ಎರಡೇ ಶಬ್ದ. ಆಳುಗಳೂ ಅದನ್ನೇ ಅಂದರು. ದವಾಖಾನೆಯಲ್ಲಿ ಪೊಲೀಸ್ ಜಮಾದಾರರು ಬರೆದುಕೊಳ್ಳಲು ಬಂದಾಗ ಮೂವರೂ ಅದನ್ನೇ ಅಂದೆವು — ಮನೆ ಬಿಟ್ಟೆನೆಂದು ತಾನೇ ಬರೆದುಕೊಟ್ಟು, ಆಮೇಲೆ ಬಿಡುವುದಿಲ್ಲವೆಂದು ಅಂಜಿಸಲಿಕ್ಕೆ ಮೈಮೇಲೆ ಬ್ಯಾಳಿ ಸುರುವಿಕೊಂಡಳು, ಸಾಹೇಬರ. ನೀವು ಹೇಳಿದ್ದನ್ನೂ ಬರೆದುಕೊಂಡರು. ಆದರೆ ನಿಮ್ಮದು ಒಂದು ಬಾಯಿ, ನಮ್ಮವು ಮೂರು, ಮೇಲೆ ನಿಮ್ಮ ಸಹಿಯ ಚೀಟಿ. ಇಮಾಮಸಾಬರು ಬೀದಿಯಲ್ಲಿ ಬಿದ್ದಿದ್ದರು, ಒಲೆಯ ಬಳಿ ಆದದ್ದನ್ನು ಕಂಡಿರಲಿಲ್ಲ. ತಮ್ಮ ತಲೆಗೆ ಬಿದ್ದ ಏಟನ್ನಾದರೂ ಅವರು ಹೇಳಬಹುದಿತ್ತು. ಕೋರ್ಟಿನ ನೌಕರ ಖಾಸಗಿ ಜಗಳದಲ್ಲಿ ಕೈಹಾಕಿದನೆಂದು ಅರ್ಜಿ ಬಡಿದು ನೌಕರಿ ಕಳೆಯುತ್ತೇನೆ ಎಂದು ಅವರ ಮನೆಗೇ ಹೋಗಿ ಹೇಳಿ ಬಂದೆ. ಅರ್ಜಿ ಬಡಿಯುವುದು ನನ್ನ ಕಸುಬು. ಅವರಿಗೆ ನಾಲ್ಕು ಹೆಣ್ಣುಮಕ್ಕಳು. ಸುಮ್ಮನಾದರು.

ಮಾಸ್ತರರು ನಿಮ್ಮ ಠೇವಣಿಯನ್ನು ಮರುವಾರವೇ ನನ್ನ ಕೈಗೆ ಕೊಟ್ಟರು, ತಪ್ಪದೆ ಮುಟ್ಟಿಸಿ ಎಂದರು. ನೀವು ಸುಟ್ಟುಕೊಂಡು ಬಿದ್ದದ್ದನ್ನು ನಾನು ಅವರಿಗೆ ಹೇಳಲಿಲ್ಲ, ಠೇವಣಿ ನಿಮಗೆ ಮುಟ್ಟಿಸಲಿಲ್ಲ. ಠೇವಣಿಯನ್ನೂ ನುಂಗಿದ ಮಾಲಕ ಎಂದು ನಿಮಗೆ ಅನಿಸಲಿ ಎಂದೇ ಇಟ್ಟುಕೊಂಡೆ.

ದವಾಖಾನೆಯಲ್ಲಿ ನಿಮ್ಮನ್ನು ನೋಡಲು ಬಂದವರು ನನ್ನ ಹೆಸರು ಎತ್ತಿದಾಗ ನೀವು ಏನು ಅಂದಿರಿ ಎಂಬುದು ನನ್ನ ಕಿವಿಗೆ ಬಿತ್ತು. ಕಚ್ಚಿದ ನಾಯಿಯನ್ನು ಕೇಳಿ ಏನು ಬಂತು, ಛೂ ಬಿಟ್ಟಾಂವನ್ನ ಕೇಳ್ತೇನಿ ಎಂದಿರಂತೆ. ಅದನ್ನು ಕೇಳಿ ನನಗೆ ಏನು ಅನಿಸಿತು ಗೊತ್ತೇ? ಹಗುರ ಅನಿಸಿತು. ನಾಯಿ ಎಂದಿದ್ದಕ್ಕೆ ಸಿಟ್ಟೂ ಬರಲಿಲ್ಲ. ಸದ್ಯ, ಕೈ ತೋರಿಸಲು ಬೇರೆಯವನೊಬ್ಬ ಇದ್ದಾನಲ್ಲ ಎಂದು ಅವತ್ತು ಹೊಟ್ಟೆ ತುಂಬ ಉಂಡೆ.

ಎರಡು ತಿಂಗಳ ಮೇಲೆ, ಕಾಲಿಗೆ ಇನ್ನೂ ಪಟ್ಟಿ ಇರುವಾಗ, ನಿಮ್ಮ ತಮ್ಮ ಶರಣಪ್ಪ ನಿಮ್ಮನ್ನು ಟೆಂಪೋದಲ್ಲಿ ಬಾಗೇವಾಡಿಗೆ ಕರೆದುಕೊಂಡು ಹೋದ. ಅವತ್ತು ಆದದ್ದನ್ನು ನಾನು ಕಂಡಿಲ್ಲ, ಕೋರ್ಟಿನಲ್ಲಿ ಕೇಳಿದ್ದು. ನೀವು ಟೆಂಪೋದಿಂದ ಇಳಿದು, ಮಾಸ್ತರರ ಅಂಗಳದ ಮಣ್ಣನ್ನೇ ಹಿಡಿತುಂಬ ತೆಗೆದು ಅವರ ಬಾಗಿಲಿಗೆ ತೂರಿದಿರಿ. ನನ್ನ ಒಲಿ ಆರಿಸಿದಾಂವನ ಮನಿ ಮಣ್ಣಾಗಲಿ ಎಂದಿರಿ. ಮಾಸ್ತರರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಮಂಜುಗಣ್ಣು, ನಿಮ್ಮ ಕಾಲಿನ ಪಟ್ಟಿ ಅವರಿಗೆ ಕಂಡಿರಲಿಕ್ಕಿಲ್ಲ. ದನಿಯಿಂದ ಗುರುತು ಹಿಡಿದು, “ಯಾಕವ್ವಾ ನೀಲವ್ವಾ, ನೀನ ಬಿಟ್ಟು ಹೋದೆಲ್ಲ” ಎಂದರು.

ಅವರಿಗೆ ಅದು ಖರೆ. ನಾನು ಹೇಳಿದ್ದನ್ನೇ ಅವರು ನಂಬಿದ್ದರು, ಮನಸ್ಸಿಗೆ ಹಚ್ಚಿಕೊಂಡಿದ್ದರು. ಶರಣಪ್ಪನ ಕಿವಿಗೆ ಅದು ಸುಟ್ಟ ಗಾಯಕ್ಕೆ ಖಾರ ಹಾಕಿದ ಮಾತು. ಟೆಂಪೋದಲ್ಲಿದ್ದ ಬಡಿಗೆ ತೆಗೆದು ಮಾಸ್ತರರ ಸೊಂಟಕ್ಕೆ ಬಾರಿಸಿದ. ಮುದುಕರು ಕಟ್ಟೆಯಿಂದ ಕೆಳಗೆ ಬಿದ್ದರು. ಬಿದ್ದ ಮೇಲೂ ಎರಡು ಏಟು ಹಾಕಿದನಂತೆ. ಗೌರಮ್ಮ ಮೇಲೆ ಬಿದ್ದು ತಡೆದರಂತೆ, ಮುಂದಿನ ಏಟು ಅವರ ಬೆನ್ನಿಗೆ. ನಿಮಗೆ ಕುಬಸದ ಕಣ ಕೊಟ್ಟ ಗೌರಮ್ಮ. ಮಾಸ್ತರರ ಸೊಂಟದ ಎಲುಬು ಮತ್ತೆ ಕೂಡಿಕೊಳ್ಳಲಿಲ್ಲ, ಆಮೇಲೆ ಅವರು ನೆಟ್ಟಗೆ ನಡೆಯಲಿಲ್ಲ.

ಶರಣಪ್ಪನ ಮೇಲೆ ಕೇಸಾಯಿತು. ಸಾಕ್ಷಿಗೆ ನನ್ನನ್ನು ಕರೆದರು. ಕಟಕಟೆಯಲ್ಲಿ ನಿಂತು ದೇವರ ಆಣೆ ಮಾಡಿ, ಬಾಡಿಗೆದಾರಳು ಸ್ವಂತ ಇಚ್ಛೆಯಿಂದ ಮನೆ ಬಿಟ್ಟಿದ್ದಳು, ಚೀಟಿ ಇಲ್ಲಿದೆ, ಮಾಲಕರ ಮೇಲೆ ವಿನಾಕಾರಣ ಹಗೆ ಸಾಧಿಸಿದಳು ಎಂದೆ. ಎದುರಿಗೆ ಮಾಸ್ತರರು ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ನೀವು ಗೋಡೆಗೆ ಒರಗಿ ನಿಂತಿದ್ದಿರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ನಡುವೆ ನಾನು ನಿಂತಿದ್ದೆ, ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ಬೆರಳು ಮಾಡಲಿಲ್ಲ. ಅಲ್ಲಿ ನನ್ನ ಬಾಯಿಂದ ಒಂದೇ ಮಾತು ಸಾಕಿತ್ತು — ಹೊಸ ಕರಾರಿಗೆ ಮಾಸ್ತರರು ಆಗಲೇ ಸಹಿ ಮಾಡಿ ಕಳಿಸಿದ್ದರು ಎಂದು. ಶರಣಪ್ಪ ಮೂರು ವರ್ಷ ಜೈಲಿಗೆ ಹೋದ. ಅವನ ಹೊಲ ಬೀಳುಬಿತ್ತು. ನೀವು ಕಾಲು ಮಡಚಲು ಬಾರದೆ, ಎಡಗೈ ಮುಷ್ಟಿ ಕಟ್ಟಲು ಬಾರದೆ ನಾಲತವಾಡದಲ್ಲಿ ಯಾರದೋ ಮನೆಯ ಕಾಳು ಹಸನು ಮಾಡಿಕೊಡುತ್ತೀರೆಂದು ಕೇಳಿದೆ. ಕೇಳಿ ಸುಮ್ಮನಿದ್ದೆ.

ಮಂದಿ ಮತ್ತೆ ನನಗೆ ದಲಾಲಿ ಕೊಡಲು ಹತ್ತಿದರು. ಯಾತರದ್ದು ಎಂದು ಯಾರೂ ಕೇಳಲಿಲ್ಲ. ಖಾನಾವಳಿ ಅಕ್ಕನಿಗೆ ಏನಾಯಿತೆಂದು ಎಲ್ಲರಿಗೂ ಗೊತ್ತಿತ್ತಲ್ಲ. ನಾನು ಒಂಬತ್ತು ವರ್ಷ ಹಾಗೆ ತಿಂದೆ. ಆಮೇಲೆ ಇಂಡಿಗೆ ಬಂದು ಮನೆ ಕಟ್ಟಿಸಿದೆ. ಸ್ವಂತ ಮನೆ.

ಈ ಮನೆಗೆ ಹೋದ ತಿಂಗಳು ಗೌರಮ್ಮನವರು ಬಂದರು. ಮಾಸ್ತರರು ತೀರಿಕೊಂಡು ಮೂರು ತಿಂಗಳಾಗಿತ್ತು. ಮಾಸ್ತರಿಕೆಯ ಚಟ — ಯಾವ ಕಾಗದಕ್ಕೆ ಸಹಿ ಹಾಕಿದರೂ ಅವರು ಅದರ ನಕಲು ಬರೆದಿಟ್ಟುಕೊಳ್ಳುತ್ತಿದ್ದರು. ಟ್ರಂಕಿನಲ್ಲಿ ಆ ಐದನೆಯ ಕರಾರಿನ ನಕಲು ಸಿಕ್ಕಿತಂತೆ, ಅಂಚಿನಲ್ಲಿ ‘ಬಸ್ಸಿನಲ್ಲಿ ಭೀಮರಾಯನಿಗೆ ಕಳಿಸಿದೆ’ ಎಂದು ಬರೆದಿತ್ತಂತೆ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬೆನ್ನು ಬಾಗಿದ ಮುದುಕಿ, ಎರಡು ಬಸ್ಸು ಬದಲಿಸಿ ಬಂದಿದ್ದರು. ಸಹಿ ಮಾಡಿ ಕಳಿಸಿದ್ದ ಕಾಗದ ನಿಮಗೆ ಮುಟ್ಟಿತ್ತೇನ್ರಿ ಎಂದು ಕೇಳಿದರು.

ಇಲ್ಲ ಎಂದೆ. ಇಷ್ಟೆಲ್ಲ ಆದ ಮೇಲೆ, ಅವರ ಗಂಡನೂ ಸತ್ತ ಮೇಲೆ, ಮತ್ತೆ ಸುಳ್ಳು ಹೇಳಿದೆ. ಮುಟ್ಟಿಲ್ರಿ ಅಕ್ಕಾರ ಎಂದೆ. ಅವರು ನಾನು ಕೊಟ್ಟ ನೀರಿನ ತಂಬಿಗೆಯನ್ನು ಕೆಳಗಿಟ್ಟರು.

“ಸಾಯೂತನಕ ಒಂದ ಕೇಳಿದ್ರು ಅವರು. ಆ ಹೆಣಮಗಳು ನನ್ನ ಬಾಗಿಲಿಗೆ ಯಾಕ ಮಣ್ಣ ತೂರಿದ್ಲು ಗೌರಿ, ನಾ ಏನ್ ಮಾಡಿದ್ದೆ ಆಕಿಗೆ ಅಂತ. ನನ್ನ ಕಡೆ ಜವಾಬ ಇರಲಿಲ್ಲ. ನಿಮ್ಮ ಕಡೆ ಐತೇನೋ ಅಂತ ಬಂದಿದ್ದೆ.”

ಅಷ್ಟು ಹೇಳಿ ಎದ್ದು ಹೋದರು. ಬೈಯಲಿಲ್ಲ. ಬೈದಿದ್ದರೆ ನನ್ನ ಹಳೆಯ ಸಿಟ್ಟು ಬಂದು ನನ್ನನ್ನು ಕಾಯುತ್ತಿತ್ತೋ ಏನೋ. ಅವರು ಬಸ್ಸಿಗೆ ಹೋಗುವವರೆಗೆ ಕಿಟಕಿಯಲ್ಲಿ ನೋಡುತ್ತಾ ನಿಂತಿದ್ದೆ. ಕೂಗಿ ಕರೆಯಲು ಎಷ್ಟು ಹೊತ್ತು ಬೇಕು? ಕರೆಯಲಿಲ್ಲ. ಆಮೇಲೆ ತಗಡಿನ ಡಬ್ಬಿ ತೆಗೆದೆ. ಕರಾರು ಇತ್ತು, ಮಾಸ್ತರರ ತುಂಡು ಕಾಗದ ಇತ್ತು — ‘ಎಷ್ಟು ದಿನ ಇರುತ್ತಾಳೋ ಇರಲಿ.’ ಯಾಕೆ ಹರಿದು ಹಾಕಿರಲಿಲ್ಲ ನಾನು? ಒಳ್ಳೆಯವನಾಗಿದ್ದೆನೆಂದಲ್ಲ. ಕಾಗದ ಹರಿಯುವ ಅಭ್ಯಾಸ ದಲಾಲನಿಗೆ ಇರುವುದಿಲ್ಲ, ಅಷ್ಟೇ.

ನಿನ್ನೆ ಬಾಗೇವಾಡಿಗೆ ಹೋಗಿದ್ದೆ. ಮಾಸ್ತರರ ಅಂಗಳದಲ್ಲೇ ನಿಂತು ಗೌರಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದಲೇ, ನೀಲವ್ವಗ ಹೇಳ್ರಿ ಎಂದರು.

ಅದಕ್ಕೆ ಹೇಳುತ್ತಿದ್ದೇನೆ. ಯಾರೂ ಛೂ ಬಿಟ್ಟಿರಲಿಲ್ಲ ನೀಲಕ್ಕ. ನಾಯಿ ತಾನಾಗಿಯೇ ಕಚ್ಚಿತು. ನೀವು ಶಪಿಸಿದ ಮನುಷ್ಯ ನಿಮ್ಮನ್ನು ಮಗಳೆಂದೇ ಇಟ್ಟುಕೊಂಡಿದ್ದ. ಇದನ್ನು ತಿಳಿದು ನಿಮ್ಮ ಸಂಕಟ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಅದೂ ನನಗೆ ಗೊತ್ತು. ಸುಳ್ಳನ್ನು ನಿಮ್ಮ ಕೈಯಲ್ಲೇ ಬಿಟ್ಟು ಸಾಯುವುದು ಇನ್ನೂ ದೊಡ್ಡ ಹೊಲಸು ಎಂದು ಬರೆದೆ. ಕ್ಷಮಿಸಿ ಎಂದು ಬರೆಯುವುದಿಲ್ಲ. ಆ ಶಬ್ದವನ್ನು ಸಾವಿರ ಅರ್ಜಿಗಳ ಕೊನೆಗೆ ಟೈಪ್ ಮಾಡಿದ್ದೇನೆ.

ಈ ಬರಹದ ಒಂದು ಪ್ರತಿ, ಆ ಕರಾರು, ಬಿಟ್ಟ ಚೀಟಿಯ ತಾರೀಖು ನನ್ನ ಕೈಬರಹ ಎಂಬ ಹೇಳಿಕೆ — ಇವನ್ನು ಹಿಡಿದುಕೊಂಡು ಸಿಂದಗಿಯ ಪೊಲೀಸ್ ಠಾಣೆಗೆ ಹೋಗುತ್ತೇನೆ. ಅದಕ್ಕಿಂತ ಮೊದಲು ಸೋಮವಾರ ನಾಲತವಾಡಕ್ಕೆ ಬರುತ್ತೇನೆ. ನೀವು ಬಾಗೇವಾಡಿಗೆ ಹೋಗಬೇಕೆಂದಿದ್ದದ್ದೂ ಸೋಮವಾರವೇ, ನಾನು ಹೋಗಗೊಡಲಿಲ್ಲ. ಮುಂಜಾನೆಯ ಬಸ್ಸಿಗೆ ಬಂದು ನಿಮ್ಮ ಅಂಗಳದಲ್ಲಿ ನಿಲ್ಲುತ್ತೇನೆ. ಒಳಗೆ ಕರೆಯಬೇಡಿ, ನೀರು ಕೊಡಬೇಡಿ. ತಮ್ಮಾ ಎನ್ನಬೇಡಿ. ಶರಣಪ್ಪನಿಗೂ ಹೇಳಿಡಿ, ಅವನು ಏನು ಹಿಡಿದು ಬಂದರೂ ನಾನು ಓಡುವುದಿಲ್ಲ.

ನೀವು ತೂರಿದ ಮಣ್ಣು ತಪ್ಪಿರಲಿಲ್ಲ, ಬಾಗಿಲು ತಪ್ಪಿತ್ತು. ಸುಟ್ಟದ್ದು ಎಡಗೈ, ಬಲಗೈಯಲ್ಲಿ ಇನ್ನೂ ಒಂದು ಹಿಡಿ ಮಣ್ಣು ಎತ್ತಬಹುದು ನೀವು.